ಬೀಡು ಮುರಿದರೆ ತಪ್ಪು ಯಾರದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಇದ್ರೆ ಹಾಕ್ಕೊಳ್ಳಿ. ಇವತ್ತು ಮಾತಿಗೆ ಮುಂಚೆ ಎರಡು ಸದ್ದು ಕೇಳಿಸ್ತೀನಿ.

[ಸುತ್ತಿಗೆ ಏಟು: ದಪ್]

ಇದು ಒಂದು. ಈಗ ಇನ್ನೊಂದು.

[ಸುತ್ತಿಗೆ ಏಟು: ಟಿಣ್‌ಣ್]

ಎರಡೂ ಒಂದೇ ನೇಗಿಲಿನ ತುಂಡುಗಳು. ಒಂದೇ ದಿನ, ಒಂದೇ ಕುಲುಮೆಯಿಂದ, ಒಂದೇ ಅಚ್ಚಿಗೆ ಸುರಿದ ಕಬ್ಬಿಣ. ಒಂದು ಮಣ್ಣಿನ ಗೋಡೆಗೆ ಬಡಿದ ಹಾಗೆ ಸದ್ದು ಮಾಡ್ತು, ಇನ್ನೊಂದು ಗಂಟೆಯ ಹಾಗೆ. ಯಾಕೆ ಅನ್ನೋದೇ ಇವತ್ತಿನ ಕಥೆ. ಇದರಲ್ಲಿ ಆದಿಲ್ ಶಾಹಿ ತೋಪು ಬರುತ್ತೆ, ಬೆಳಗಾವಿಯ ಸೈಕಲ್ ಅಂಗಡಿ ಬರುತ್ತೆ, ಕುಸುರೆಳ್ಳು ಬರುತ್ತೆ. ಕೊನೆಗೆ ನಮ್ಮ ಮನೆಯವರು ಒಬ್ಬರಿಗೆ ಮಾಡಿದ ಅನ್ಯಾಯವೂ ಬರುತ್ತೆ.

ನನ್ನೂರು ಮಮದಾಪುರ. ವಿಜಯಪುರದಿಂದ ನೈಋತ್ಯಕ್ಕೆ ಸುಮಾರು 35 ಕಿಲೋಮೀಟರ್, ಈಗ ಬಬಲೇಶ್ವರ ತಾಲ್ಲೂಕು. ಗೋಳಗುಮ್ಮಟದೊಳಗೆ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ಕಾಲದ ದೊಡ್ಡ ಕೆರೆಯೇ ನಮ್ಮೂರಿನ ಗುರುತು. ಊರ ಹೆಸರಿನಲ್ಲೂ ಅವನ ಹೆಸರೇ ಇದೆ. ನಮ್ಮ ಹೊಲ ಎರಿ ಭೂಮಿ. ಮಳೆ ಬಿದ್ದರೆ ಕಾಲು ಬಿಡದ ಕಪ್ಪು ಮಣ್ಣು, ಬೇಸಿಗೆ ಬಂದರೆ ಅಂಗೈ ಹೋಗುವಷ್ಟು ಅಗಲದ ಬಿರುಕು. ಇಂಥ ಹೊಲದಲ್ಲಿ ಕರಿಕೆ ಬೇರು ಇಳಿಸಿದರೆ ಮರದ ರಂಟಿಯಿಂದ ಅದನ್ನ ಕೀಳೋಕಾಗಲ್ಲ. ಮಣ್ಣನ್ನ ಆಳದಿಂದ ಮಗುಚಿ ಹಾಕೋ ಕಬ್ಬಿಣದ ನೇಗಿಲೇ ಬೇಕು, ಎಳೆಯೋಕೆ ಎರಡು ಜೋಡಿ ಎತ್ತಾದರೂ ಬೇಕು.

ನಮ್ಮಜ್ಜ ಅಂಥದ್ದೊಂದನ್ನ ಎಲ್ಲೋ ಹಳೇ ಮಾಲಾಗಿ ಕೊಂಡು ತಂದಿದ್ದ. ಯಾರ ಎರಕವೋ, ಅದರ ಮೇಲೆ ಗುರುತಿಲ್ಲ. ಅಜ್ಜ ಅದನ್ನ 'ಬೀಡಿನ ನೇಗಿಲ' ಅಂತಿದ್ದ. ಪುಸ್ತಕದಲ್ಲಿ 'ಎರಕದ ಕಬ್ಬಿಣ' ಅಂತ ಓದಿರ್ತೀರಲ್ಲ, ಅದೇ ನಮ್ಮ ಕಡೆ ಬೀಡು.

1971ರ ಬೇಸಿಗೆ. ಮನೆಯಲ್ಲಿ ಸಂಬಳಕ್ಕಿದ್ದ ಆಳು ಒಬ್ಬರು ನೇಗಿಲು ಹೂಡಿದ್ದರು. ಅವರ ಹೆಸರು ಹೇಳೋದಿಲ್ಲ, ಮನೆಯವರು ಬೇಡ ಅಂದಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ನೇಗಿಲು ಕಟ್ ಅಂತ ಮುರೀತು. ಅಜ್ಜ ಬಂದು ನೋಡಿ ಅಲ್ಲೇ ತೀರ್ಮಾನ ಕೊಟ್ಟ: ಕಲ್ಲಿಗೆ ಬಡಿಸಿ ಮುರಿದಿದ್ದಾನೆ. ಆಳು ಹೇಳಿದ್ದು ಒಂದೇ ಮಾತಂತೆ: "ಕಲ್ಲ ಇರಲಿಲ್ರಿ ಧಣ್ಯಾರ. ಅದ ತಾನ ಮುರೀತ್ರಿ."

ಯಾರೂ ನಂಬಲಿಲ್ಲ. ಅಷ್ಟು ದಪ್ಪ ಕಬ್ಬಿಣ ತಾನಾಗೇ ಮುರಿಯುತ್ತಾ? ಅವರ ವರ್ಷದ ಸಂಬಳದಲ್ಲಿ ಎರಡು ಚೀಲ ಜೋಳ ಹಿಡಿದುಕೊಂಡರು. ಮರುವರ್ಷ 1972ರ ಬರ. ಎರಡು ಚೀಲ ಜೋಳ ಅಂದ್ರೆ ಆ ವರ್ಷ ಏನು ಅಂತ ನಮ್ಮ ಕಡೆಯ ಹಿರಿಯರನ್ನ ಕೇಳಿ ನೋಡಿ. ಅವರು ಹೆಂಡತಿ ಮಕ್ಕಳನ್ನ ಕಟ್ಟಿಕೊಂಡು ಊರು ಬಿಟ್ಟರು.

ನೇಗಿಲಿನ ತುಂಡುಗಳು ಹಿತ್ತಲಲ್ಲಿ, ಕಣಿಕೆ ಬಣವೆಯ ಪಕ್ಕ ಬಿದ್ದೇ ಇದ್ದವು. ಊರ ಕಮ್ಮಾರ, "ಬೀಡಿಗೆ ಬೆಸಿಗಿ ಕೂಡೂದಿಲ್ಲ" ಅಂತ ಮುಟ್ಟಲೇ ಇಲ್ಲ. ಹೋದ ವರ್ಷ ಮನೆ ರಿಪೇರಿ ಮಾಡುವಾಗ ಗುಜರಿಗೆ ಹಾಕೋಕೆ ಹೋದೆವು. ಆಗ ಅಪ್ಪ ಈ ಕಥೆ ಹೇಳಿದ್ದು. ಅಪ್ಪನಿಗೆ ಆಗ ಹನ್ನೆರಡು ವರ್ಷ, ಅವತ್ತು ಹೊಲದಲ್ಲೇ ಇದ್ದ. "ನಾ ಕಲ್ಲ ನೋಡಲಿಲ್ಲ. ಆದರ ಅವತ್ತ ಹೇಳಲಿಲ್ಲ" ಅಂದ.

ನಾನು ಎರಡು ತುಂಡನ್ನ ಚೀಲಕ್ಕೆ ಹಾಕಿದೆ. ಬೆಳಗಾವಿಯಲ್ಲಿ ಎರಕದ ಕೆಲಸ ಬಲ್ಲ ಪರಿಚಯದವರು ಒಬ್ಬರಿದ್ದಾರೆ, ಅವರಿಗೆ ತೋರಿಸೋಣ ಅಂತ. ಹೋಗುವ ದಾರಿಯಲ್ಲಿ ವಿಜಯಪುರದಲ್ಲಿ ಇಳಿದೆ. ಕಬ್ಬಿಣ ಯಾಕೆ ಮುರಿಯುತ್ತೆ ಅನ್ನೋ ಪ್ರಶ್ನೆಗೆ ಆ ಊರಿನಲ್ಲಿ ಅರ್ಧ ಉತ್ತರ ಕೋಟೆ ಮೇಲೇ ಇದೆ.

ಮಲಿಕ್-ಎ-ಮೈದಾನ್ ನೋಡಿದ್ದೀರಲ್ಲ? ಬಾಯಿ ಸಿಂಹದ ಮುಖದ ಹಾಗಿರೋ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ರೂಮಿ ಅನ್ನೋ ತುರ್ಕಿ ಮೂಲದ ಎರಕಗಾರ ಎರೆದದ್ದು. ಉದ್ದ ಸುಮಾರು ನಾಲ್ಕೂವರೆ ಮೀಟರ್, ತೂಕ ಸುಮಾರು 55 ಟನ್. 1632ರಲ್ಲಿ ವಿಜಯಪುರಕ್ಕೆ ಬಂತು. 1854ರಲ್ಲಿ ಬ್ರಿಟಿಷರು ಇದನ್ನ ಹರಾಜಿಗೆ ಇಟ್ಟಾಗ ಬಂದ ಬೆಲೆ 150 ರೂಪಾಯಿ. ಆಮೇಲೆ ಯಾರೋ ಅಧಿಕಾರಿಗೆ ಬುದ್ಧಿ ಬಂದು ಮಾರಾಟ ನಿಂತಿತು. ಇದು ಕಬ್ಬಿಣವಲ್ಲ, ಕಂಚು. ಹಳೆಯ ವಿಶ್ಲೇಷಣೆಯ ಪ್ರಕಾರ ಹೆಚ್ಚು ಕಡಿಮೆ ಐದರಲ್ಲಿ ನಾಲ್ಕು ಭಾಗ ತಾಮ್ರ, ಒಂದು ಭಾಗ ತವರ. ಗಂಟೆ ಎರೆಯೋಕೆ ಬಳಸೋ ಕಂಚಿನ ಹದವೂ ಇದೇ. ಅದಕ್ಕೇ ತಟ್ಟಿದರೆ ಗಂಟೆ ಹಾಗೆ ನಾದ ಬರುತ್ತೆ ಅಂತ ಹಳಬರು ಬರೆದಿಟ್ಟಿದ್ದಾರೆ. ನೀವು ತಟ್ಟಬೇಡಿ, ಅದು ಸಂರಕ್ಷಿತ ಸ್ಮಾರಕ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಉಪಲಿ ಬುರುಜು, 1584ರದ್ದು. ಅದರ ಮೇಲೆ ಮಲಗಿರೋ ಉದ್ದನೆಯ ತೋಪು ಒಂಬತ್ತು ಮೀಟರಿಗಿಂತ ಹೆಚ್ಚಿದೆ. ಅದು ಕಬ್ಬಿಣದ್ದು. ಆದ್ರೆ ಹತ್ತಿರ ಹೋಗಿ ನೋಡಿ: ಅದು ಎರಕವಲ್ಲ. ಉದ್ದನೆಯ ಕಬ್ಬಿಣದ ಪಟ್ಟಿಗಳನ್ನ ಜೋಡಿಸಿ, ಅದರ ಮೇಲೆ ಕಾದ ಬಳೆಗಳನ್ನ ಏರಿಸಿ, ಬಡಿದು ಬಡಿದು ಒಂದು ಮಾಡಿದ್ದು. ಎತ್ತಿನ ಬಂಡಿಯ ಗಾಲಿಗೆ ಕಮ್ಮಾರ ಕಾದ ಪಟ್ಟಿ ಏರಿಸಿ ನೀರು ಹೊಯ್ದು ಬಿಗಿ ಮಾಡ್ತಾನಲ್ಲ, ಅದೇ ವಿದ್ಯೆ.

ಇಲ್ಲಿ ನನ್ನ ಪ್ರಶ್ನೆ. 55 ಟನ್ ಕಂಚನ್ನ ಕರಗಿಸಿ ಸುರಿಯೋ ಜಾಣ್ಮೆ ದಖ್ಖಣದಲ್ಲಿ ಇತ್ತು. ಹಾಗಾದ್ರೆ ಕಬ್ಬಿಣವನ್ನ ಯಾಕೆ ಕರಗಿಸಿ ಸುರಿಯಲಿಲ್ಲ? ಯಾಕೆ ಬಡಿದು ಮಾಡಿದರು?

ಮೊದಲನೇ ಕಾರಣ ಬೆಂಕಿ. ಅಷ್ಟು ತವರ ಇರೋ ಕಂಚು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ನೀರಾಗುತ್ತೆ. ಶುದ್ಧ ಕಬ್ಬಿಣ ಕರಗೋಕೆ 1538 ಡಿಗ್ರಿ ಬೇಕು. ಆಗಿನ ನಮ್ಮ ಮಣ್ಣಿನ ಕುಲುಮೆಗಳಲ್ಲಿ ಅದಿರಿನಿಂದ ಕಬ್ಬಿಣ ಬರ್ತಿದ್ದದ್ದು ದ್ರವವಾಗಿ ಅಲ್ಲ, ಕಿಟ್ಟ ತುಂಬಿದ ಮೆತ್ತನೆಯ ಉಂಡೆಯಾಗಿ. ಅದನ್ನ ಬಡಿದು ಕಿಟ್ಟ ಹೊರಗೆ ಹಾಕಬೇಕಿತ್ತು. ಹಾಗಾಗಿ ನಮ್ಮ ಕಬ್ಬಿಣದ ಇತಿಹಾಸ ಬಹುಪಾಲು ಸುತ್ತಿಗೆಯ ಇತಿಹಾಸ.

ಇದಕ್ಕೊಂದು ಅಡ್ಡದಾರಿ ಇದೆ. ಕುಲುಮೆ ಎತ್ತರ ಮಾಡಿ, ತಿದಿ ಜೋರು ಮಾಡಿ, ಕಬ್ಬಿಣ ಇದ್ದಿಲಿನ ಜೊತೆ ಹೆಚ್ಚು ಹೊತ್ತು ಇರೋ ಹಾಗೆ ಮಾಡಿದರೆ ಇದ್ದಿಲಿನ ಇಂಗಾಲವನ್ನ ಕಬ್ಬಿಣ ಕುಡಿಯುತ್ತೆ. ನೂರಕ್ಕೆ ಸುಮಾರು 4.3 ಭಾಗ ಇಂಗಾಲ ಸೇರಿದರೆ ಅದೇ ಕಬ್ಬಿಣ 1150 ಡಿಗ್ರಿಯ ಆಸುಪಾಸಿನಲ್ಲೇ ನೀರಾಗಿಬಿಡುತ್ತೆ. ಇದೇ ಬೀಡು. ಚೀನಾದವರು ಕ್ರಿಸ್ತಪೂರ್ವದಲ್ಲೇ ಇದನ್ನ ಕಂಡುಕೊಂಡಿದ್ದರು. ಇಂಗ್ಲೆಂಡಿನ ಸಸೆಕ್ಸ್‌ನ ಬಕ್ಸ್‌ಟೆಡ್ ಅನ್ನೋ ಹಳ್ಳಿಯಲ್ಲಿ 1543ರಲ್ಲಿ ಬೀಡಿನ ತೋಪು ಎರೆದರು, ಅಂದ್ರೆ ನಮ್ಮ ಮಲಿಕ್-ಎ-ಮೈದಾನ್‌ಗಿಂತ ಬರೀ ಆರು ವರ್ಷ ಮೊದಲು. ಕಂಚಿಗಿಂತ ಬಹಳ ಅಗ್ಗ. ಆದ್ರೆ ಒಂದು ಭಯ ಇತ್ತು. ಕಂಚಿನ ತೋಪು ಕೈಕೊಡುವ ಮುಂಚೆ ಸಾಮಾನ್ಯವಾಗಿ ಉಬ್ಬುತ್ತೆ, ಬಿರುಕು ತೋರಿಸುತ್ತೆ. ಬೀಡಿನ ತೋಪು ಸುಳಿವೇ ಕೊಡದೆ ಸಿಡಿದು ತನ್ನ ಹಿಂದೆ ನಿಂತವರನ್ನೇ ಕೊಲ್ಲುತ್ತೆ.

ಕಂಚು ಬಾಗುತ್ತೆ, ಬಡಿದ ಕಬ್ಬಿಣ ಬಾಗುತ್ತೆ, ಬೀಡು ಮಾತ್ರ ಯಾಕೆ ಮುರಿಯುತ್ತೆ? ಇದಕ್ಕೆ ಉತ್ತರ ಬೆಂಕಿಯಲ್ಲಿ ಇಲ್ಲ, ತಣಿಯೋದ್ರಲ್ಲಿ ಇದೆ. ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಬೀಡು ದ್ರವವಾಗಿದ್ದಾಗ ಅದರೊಳಗೆ ನೂರಕ್ಕೆ ಮೂರು ನಾಲ್ಕು ಭಾಗ ಇಂಗಾಲ ಹಾಯಾಗಿ ಕರಗಿರುತ್ತೆ, ಚಹಾದಲ್ಲಿ ಸಕ್ಕರೆ ಇದ್ದ ಹಾಗೆ. ಆದ್ರೆ ಗಟ್ಟಿ ಕಬ್ಬಿಣ ಹೆಚ್ಚೆಂದರೆ ಎರಡು ಭಾಗವನ್ನಷ್ಟೇ ಒಳಗೆ ಇಟ್ಟುಕೊಳ್ಳಬಲ್ಲದು. ಗಟ್ಟಿಯಾಗುವ ಹೊತ್ತಿಗೆ ಉಳಿದ ಇಂಗಾಲಕ್ಕೆ ಜಾಗ ಇಲ್ಲ. ಅದು ಎಲ್ಲಿಗೆ ಹೋಗಬೇಕು?

ಎರಡು ದಾರಿ ಇವೆ. ಒಂದು, ಇಂಗಾಲದ ಕಣಗಳೆಲ್ಲ ಬೇರೆಯಾಗಿ ಒಂದೆಡೆ ಸೇರಿ ಗ್ರಾಫೈಟ್ ಆಗೋದು. ಪೆನ್ಸಿಲ್ ಕಡ್ಡಿಯಲ್ಲಿ ಇರುತ್ತಲ್ಲ, ಅದೇ. ಎರಡು, ಮೂರು ಕಬ್ಬಿಣಕ್ಕೆ ಒಂದು ಇಂಗಾಲ ಅನ್ನೋ ಲೆಕ್ಕದಲ್ಲಿ ಕಬ್ಬಿಣದ ಜೊತೆಗೇ ಕಟ್ಟಿಹಾಕಿಕೊಂಡು ಸಿಮೆಂಟೈಟ್ ಆಗೋದು. ಮನೆ ಕಟ್ಟೋ ಸಿಮೆಂಟಿಗೂ ಇದಕ್ಕೂ ಸಂಬಂಧ ಇಲ್ಲ, ಇದು ಅರ ಹಾಕಿದರೂ ಸವೆಯದಷ್ಟು ಗಟ್ಟಿ.

ಗ್ರಾಫೈಟ್ ಆದರೆ ಮುರಿದ ಮುಖ ಬೂದು ಬಣ್ಣ. ಅದಕ್ಕೇ ಬೂದು ಬೀಡು. ಸಿಮೆಂಟೈಟ್ ಆದರೆ ಮುರಿದ ಮುಖ ಬೆಳ್ಳಗೆ ಹೊಳೆಯುತ್ತೆ. ಅದು ಬಿಳಿ ಬೀಡು. ಲೋಹ ಒಂದೇ. ಹಾದಿ ಬೇರೆ.

ಯಾವ ಹಾದಿ ಅಂತ ನಿರ್ಧಾರ ಆಗೋದು ಎಷ್ಟು ಸಣ್ಣ ಸಂದಿನಲ್ಲಿ ಗೊತ್ತಾ? ಬರೀ ಕಬ್ಬಿಣ ಮತ್ತು ಇಂಗಾಲ ಅಷ್ಟೇ ಇದ್ದರೆ, ಗ್ರಾಫೈಟ್ ಹಾದಿ ತೆರೆಯೋದು ಸುಮಾರು 1154 ಡಿಗ್ರಿಯಲ್ಲಿ. ಸಿಮೆಂಟೈಟ್ ಹಾದಿ ತೆರೆಯೋದು ಸುಮಾರು 1148ರಲ್ಲಿ. ನಡುವೆ ಆರೇಳು ಡಿಗ್ರಿ! ಸಾವಿರದ ನೂರೈವತ್ತರಲ್ಲಿ ಆರೇಳು. ಗ್ರಾಫೈಟ್‌ಗೆ ಪುರುಸೊತ್ತು ಬೇಕು, ಇಂಗಾಲದ ಕಣಗಳು ದೂರದಿಂದ ಬಂದು ಸೇರಬೇಕು. ಸಿಮೆಂಟೈಟ್‌ಗೆ ಅಷ್ಟು ಓಡಾಟ ಬೇಡ. ನಿಧಾನವಾಗಿ ತಣಿದರೆ ಗ್ರಾಫೈಟ್ ಗೆಲ್ಲುತ್ತೆ. ಗಡಿಬಿಡಿಯಲ್ಲಿ ತಣಿದರೆ ಆ ಸಣ್ಣ ಸಂದನ್ನ ದಾಟಿ ಕೆಳಗೆ ಬಿದ್ದು ಸಿಮೆಂಟೈಟ್ ಆಗುತ್ತೆ. ಅದಕ್ಕೇ ಎರಕದವರು ನೂರಕ್ಕೆ ಎರಡು ಭಾಗದಷ್ಟು ಸಿಲಿಕಾನ್ ಇರೋ ಹಾಗೆ ನೋಡಿಕೊಳ್ತಾರೆ. ಸಿಲಿಕಾನ್ ಆ ಸಂದನ್ನ ಅಗಲ ಮಾಡಿ ಗ್ರಾಫೈಟ್‌ಗೆ ಸಮಯ ಕೊಡುತ್ತೆ.

ಈಗ ಒಳಗೆ ಏನಾಗುತ್ತೆ ನೋಡೋಣ. ಸಾಮಾನ್ಯ ಬೂದು ಬೀಡಿನಲ್ಲಿ ಮೊದಲು ಮೂಡೋದು ಕಬ್ಬಿಣದ ಸಣ್ಣ ಸಣ್ಣ ಮರಗಳು. ಕಾಂಡ, ಅದಕ್ಕೆ ಕೊಂಬೆ, ಕೊಂಬೆಗೆ ರೆಂಬೆ. ಅವುಗಳ ಸಂದಿಯಲ್ಲಿ ಉಳಿದ ದ್ರವದಲ್ಲಿ ಇಂಗಾಲ ಹೆಚ್ಚುತ್ತಾ ಹೋಗುತ್ತೆ. ಆಮೇಲೆ ಅಲ್ಲಲ್ಲಿ ಒಂದು ಬಿಂದುವಿನಿಂದ ಗ್ರಾಫೈಟ್ ಮತ್ತು ಕಬ್ಬಿಣ ಎರಡೂ ಕೈ ಹಿಡಿದು ಸುತ್ತ ಬೆಳೆಯುತ್ತವೆ. ಗ್ರಾಫೈಟ್ ಎಸಳು ಎಸಳಾಗಿ, ಬಾಗಿದ ಹೂವಿನ ದಳಗಳ ಹಾಗೆ. ಇಂಥ ಸಾವಿರಾರು ಗುಂಪುಗಳು ಬೆಳೆದು ಒಂದಕ್ಕೊಂದು ತಾಗಿದಾಗ ದ್ರವ ಮುಗಿಯುತ್ತೆ. ಕೊನೆಗೆ ಗಟ್ಟಿಯಾಗುವ ಗಡಿಗಳಲ್ಲಿ ರಂಜಕದಂಥ ಬೇಡದ ಕಸ ಸೇರಿಕೊಳ್ಳುತ್ತೆ. ಅಲ್ಲಿಗೂ ಮುಗಿಯಲ್ಲ. ಗಟ್ಟಿಯಾದ ಮೇಲೆ, 700ರ ಆಸುಪಾಸಿಗೆ ತಣಿದಾಗ, ಕಬ್ಬಿಣ ಇನ್ನೊಮ್ಮೆ ಒಳಗೊಳಗೇ ಮಗ್ಗುಲು ಬದಲಿಸುತ್ತೆ. ಆಗ ಪದರ ಪದರವಾದ ಪರ್ಲೈಟ್ ಆಗುತ್ತೆ. ಸೂಕ್ಷ್ಮದರ್ಶಕದಲ್ಲಿ ಮುತ್ತಿನ ಚಿಪ್ಪಿನ ಹಾಗೆ ಹೊಳೆಯುತ್ತೆ ಅಂತ ಆ ಹೆಸರು.

ಗ್ರಾಫೈಟ್ ಮೊದಲು ಮೂಡೋಕೆ ಒಂದು ನೆಲೆ ಬೇಕು. ಇದನ್ನ ನನಗೆ ಅರ್ಥ ಮಾಡಿಸಿದ್ದು ಕುಸುರೆಳ್ಳು. ಸಂಕ್ರಾಂತಿಗೆ ಮನೆಯಲ್ಲಿ ಮಾಡೋದು ನೋಡಿದ್ದೀರಲ್ಲ? ಬಿಸಿ ತಟ್ಟೆ ಮೇಲೆ ಎಳ್ಳು ಹಾಕಿ, ಚಮಚದಲ್ಲಿ ಚೂರುಚೂರೇ ಪಾಕ ಬಿಡ್ತಾ ಕೈಯಾಡಿಸ್ತಾರೆ. ಪ್ರತಿ ಎಳ್ಳಿನ ಸುತ್ತ ಸಕ್ಕರೆ ಹರಳಾಗಿ ಮುಳ್ಳು ಮುಳ್ಳಾಗಿ ಬೆಳೆಯುತ್ತೆ. ಎಳ್ಳು ಇಲ್ಲದಿದ್ರೆ ಪಾಕ ತಟ್ಟೆಗೆ ಅಂಟಿ ಹಾಳು. ಎರಕದವರೂ ಹೀಗೇ, ಸುರಿಯುವ ಮುಂಚೆ ದ್ರವ ಬೀಡಿಗೆ ಒಂದಿಷ್ಟು ಫೆರೋಸಿಲಿಕಾನ್ ಪುಡಿ ಉದುರಿಸ್ತಾರೆ. ಅದರಿಂದ ಹುಟ್ಟೋ ಕಣಗಳೇ ಅಲ್ಲಿ ಎಳ್ಳು.

ಹಾಗಾದ್ರೆ ಬೀಡು ಮುರಿಯೋದು ಯಾಕೆ? ಬೂದು ಬೀಡಿನಲ್ಲಿ ಗ್ರಾಫೈಟ್ ಎಸಳುಗಳು ಒಳಗೇ ಇರೋ ಸಾವಿರ ಬಿರುಕುಗಳ ಹಾಗೆ. ಎಳೆದರೆ ಅಲ್ಲಿಂದಲೇ ಹರಿಯುತ್ತೆ. ಆದ್ರೆ ಅದಕ್ಕೆ ಒಳ್ಳೇ ಗುಣಗಳೂ ಇವೆ. ಗ್ರಾಫೈಟ್‌ಗೆ ಜಾಗ ಹೆಚ್ಚು ಬೇಕು, ಹಾಗಾಗಿ ತಣಿಯುವಾಗ ಎರಕ ಕಡಿಮೆ ಕುಗ್ಗಿ ಅಚ್ಚನ್ನ ತುಂಬಿಕೊಂಡು ಕೂರುತ್ತೆ. ಅದೇ ಎಸಳುಗಳು ಅದುರನ್ನ ನುಂಗುತ್ತವೆ. ಮೊದಲು ಕೇಳಿದ 'ದಪ್' ಸದ್ದು ನೆನಪಿದೆಯಲ್ಲ? ನಾದವನ್ನ ನುಂಗಿದ್ದು ಗ್ರಾಫೈಟ್. ಬಿಳಿ ಬೀಡು ಗಾಜಿನ ಜಾತಿ. ಬಹಳ ಗಟ್ಟಿ, ಬಹಳ ಪೆಡಸು. ಏಟು ಬಿದ್ದರೆ ಟಿಣ್ ಅನ್ನುತ್ತೆ, ಏಟು ಹೆಚ್ಚಾದರೆ ನಮ್ಮ ಕಟಕ ರೊಟ್ಟಿ ಹಾಗೆ ಮುರಿಯುತ್ತೆ.

ಇದನ್ನೆಲ್ಲ ಜನ ಕಣ್ಣಿಂದ ನೋಡಿದ್ದು ಬಹಳ ತಡವಾಗಿ. 1722ರಲ್ಲಿ ಫ್ರಾನ್ಸಿನ ರೊಮ್ಯೂರ್ ಮುರಿದ ಮುಖಗಳನ್ನ ಹೋಲಿಸಿ, ಬಿಳಿ ಬೀಡನ್ನ ದಿನಗಟ್ಟಲೆ ಕಾಯಿಸಿ ಮೆದು ಮಾಡೋದು ಹೇಗೆ ಅಂತ ಬರೆದ. 1860ರ ದಶಕದಲ್ಲಿ ಶೆಫೀಲ್ಡ್‌ನ ಹೆನ್ರಿ ಸಾರ್ಬಿ ಕಬ್ಬಿಣವನ್ನ ಕನ್ನಡಿ ಹಾಗೆ ಉಜ್ಜಿ, ಆಮ್ಲ ಹಚ್ಚಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟ. ಆದ್ರೆ ಕಣ್ಣಿಗೆ ಕಾಣೋ ಮುಂಚೆಯೇ ಕೈಗೆ ಗೊತ್ತಿತ್ತು. 1803ರಲ್ಲಿ ಇಂಗ್ಲೆಂಡಿನ ರಾಬರ್ಟ್ ರ್‍ಯಾನ್‌ಸಮ್ ನೇಗಿಲಿನ ಕುಳಕ್ಕೆ ಒಂದು ಪೇಟೆಂಟ್ ತಗೊಂಡ. ಕುಳದ ತಳಭಾಗ ಬೇಗ ತಣಿಯೋ ಹಾಗೆ, ಮೇಲ್ಭಾಗ ನಿಧಾನ ತಣಿಯೋ ಹಾಗೆ ಎರೆಯೋದು. ತಳ ಬಿಳಿ ಬೀಡು, ಮೇಲೆ ಬೂದು ಬೀಡು. ಉಳುವಾಗ ಮೆದುವಾದ ಮೇಲ್ಭಾಗ ಬೇಗ ಸವೆದು ತಳದ ಗಟ್ಟಿ ಅಂಚು ಯಾವಾಗಲೂ ಹರಿತವಾಗಿಯೇ ಉಳಿಯುತ್ತೆ. ಮಣ್ಣೇ ಸಾಣೆ!

ಅಮೆರಿಕದ ಸೇನೆಯ ರಾಡ್‌ಮನ್ ಇದನ್ನೇ ತೋಪಿಗೆ ತಂದ. ದೊಡ್ಡ ತೋಪು ಹೊರಗಿನಿಂದ ತಣಿದರೆ ಹೊರಮೈ ಮೊದಲು ಗಟ್ಟಿಯಾಗುತ್ತೆ, ಒಳಗಿನದು ಆಮೇಲೆ ಕುಗ್ಗಿ ಬಿಗಿಯುತ್ತೆ, ಸಿಡಿಯೋಕೆ ಅದೇ ಕಾರಣ ಅಂತ ಯೋಚಿಸಿದ. ನಳಿಗೆಯ ಒಳಗೆ ನೀರು ಹರಿಸಿ ಒಳಗಿನಿಂದ ತಣಿಸೋ ವಿಧಾನಕ್ಕೆ 1847ರಲ್ಲಿ ಪೇಟೆಂಟ್ ಪಡೆದ. ಆಗ ಹೊರಮೈ ಕೊನೆಗೆ ಕುಗ್ಗಿ ಒಳಗಿನದನ್ನ ಅಪ್ಪಿ ಹಿಡಿಯುತ್ತೆ. ಉಪಲಿ ಬುರುಜಿನ ತೋಪಿನ ಮೇಲಿನ ಬಳೆಗಳು ಮಾಡೋ ಕೆಲಸವನ್ನೇ ಇಲ್ಲಿ ತಣಿಯೋ ಕ್ರಮ ಮಾಡಿತು.

ಈಗ ನಮ್ಮ ನೆಲಕ್ಕೆ ಬರೋಣ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಆಮೇಲೆ ಮೇವು ಕತ್ತರಿಸೋ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು. ಮೊದಲ ನೇಗಿಲುಗಳನ್ನ ಕೊಳ್ಳೋರೇ ಇರಲಿಲ್ಲವಂತೆ, ಕಬ್ಬಿಣ ತಾಗಿದರೆ ಭೂಮಿಗೆ ವಿಷ ಅನ್ನೋ ನಂಬಿಕೆ. ನಗರಸಭೆ ಜಾಗ ಬಿಡಿಸಿದ ಮೇಲೆ ಔಂಧ್ ಸಂಸ್ಥಾನದ ರಾಜ ನೆಲ ಕೊಟ್ಟರು. 1910ರಲ್ಲಿ ಈಗಿನ ಸಾಂಗ್ಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರ್‌ವಾಡಿ ಎದ್ದಿತು. ಅತ್ತ ಮೈಸೂರು ಸಂಸ್ಥಾನದಲ್ಲಿ 1923ರ ಜನವರಿಯಲ್ಲಿ ಭದ್ರಾವತಿಯ ಊದುಕುಲುಮೆ ಹೊತ್ತಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಟ್ಟಿಗೆಯ ಇದ್ದಿಲು. ಇದ್ದಿಲಿನಲ್ಲಿ ಗಂಧಕ ಕಡಿಮೆ. ಗಂಧಕ ಹೆಚ್ಚಾದರೆ ಬೀಡು ಬಿಳಿಯಾಗೋ ಕಡೆ ವಾಲುತ್ತೆ, ಹಾಗಾಗಿ ಇದ್ದಿಲಿನ ಬೀಡು ಎರಕಕ್ಕೆ ಒಳ್ಳೇ ಮಾಲು. ಉಪಲಿ ಬುರುಜಿನಲ್ಲಿ ಕಬ್ಬಿಣ ಬಡಿದ ಸೀಮೆಯೇ ಹೀಗೆ ಕೊನೆಗೆ ಕಬ್ಬಿಣವನ್ನ ಸುರಿಯೋಕೆ ಕಲಿತಿತು. ಇವತ್ತು ಬೆಳಗಾವಿ ಎರಕದ ಊರು. ಉದ್ಯಮಬಾಗ ಕಡೆ ಹೋದರೆ ಪಂಪು, ಗಾಡಿಗಳ ಬಿಡಿಭಾಗ ಎರೆಯೋ ಫೌಂಡ್ರಿಗಳು ಸಾಲು ಸಾಲು.

ನನ್ನ ಪರಿಚಯದವರು ಅಲ್ಲಿ ಮೂವತ್ತು ವರ್ಷ ಮೋಲ್ಡರ್ ಆಗಿ ದುಡಿದು ನಿವೃತ್ತರಾದವರು. ಮನೆಯ ಅಂಗಳದಲ್ಲಿ ತುಂಡುಗಳನ್ನ ಇಟ್ಟೆ. ಅವರು ದಪ್ಪ ತುಂಡನ್ನ ಎತ್ತಿ ಹಿಡಿದು ಸುತ್ತಿಗೆಯಿಂದ ತಟ್ಟಿದರು. ದಪ್. ತೆಳು ತುಂಡನ್ನ ತಟ್ಟಿದರು. ಟಿಣ್. ಹುಬ್ಬು ಏರಿಸಿದರು. "ಸಪ್ಪಳ ಒಂದ ನಂಬಬ್ಯಾಡ್ರಿ. ಸಣ್ಣದು ಹಂಗೂ ನುಡಿತೈತಿ" ಅಂದು ಅರ ತಂದರು. ದಪ್ಪದರ ಮೇಲೆ ಅರ ಹಾಕಿದರೆ ಕಪ್ಪು ಪುಡಿ ಉದುರಿತು, ಬೆರಳಿಗೆ ಪೆನ್ಸಿಲ್ ಮಸಿ ಹಾಗೆ ಹತ್ತಿತು. ತೆಳುವಿನ ಮೇಲೆ ಅರ ಸುಮ್ಮನೆ ಜಾರಿತು. ಕೊನೆಗೆ ಎರಡರದ್ದೂ ಮೂಲೆ ಮುರಿದು ಹೊಸ ಮುಖ ತೋರಿಸಿದರು. ಒಂದು ಬೂದು. ಇನ್ನೊಂದು ಬೆಳ್ಳಗೆ, ಸೂಜಿ ಸೂಜಿಯಾಗಿ, ಬಿಸಿಲಿಗೆ ಮಿಂಚ್ತಾ ಇತ್ತು.

"ಮುರದದ್ದು ಎಲ್ಲಿಂದ್ರಿ?" ಅಂದರು. ತೆಳು ಭಾಗದಿಂದಲೇ ಅಂದೆ.

"ಇಲ್ಲಿ ಬೂದು ಇರಬೇಕಿತ್ತು. ಇದು ಎಳೆತ ತಡಕೊಳ್ಳೋ ಜಾಗ. ಎರಕ ತೆಳ್ಳಗ, ಮಳಲು ಹಸೀ, ಸಿಲಿಕಾನ್ ಕಡಿಮಿ, ಇಲ್ಲಾ ಮಾಲು ತಣ್ಣಗಾಗಿ ಸುರದಾರ. ಇದು ಹುಟ್ಟಿದ ದಿನಾನ ಬೆಳ್ಳಗಾಗೇತಿ. ಇದಕ್ಕ ಕಲ್ಲ ಬೇಕಂತಿಲ್ರಿ. ಗಟ್ಟಿ ಹೆಂಟಿ ಸಾಕು."

ಕಲ್ಲು ಇರಲೇ ಇಲ್ಲ ಅಂತ ಹೇಳೋಕೆ ಆಗುತ್ತಾ ಅಂತ ಕೇಳಿದೆ. ಅವರು ಪ್ರಾಮಾಣಿಕರು, "ಅದನ್ನ ಕಬ್ಬಿಣ ಹೇಳಾಂಗಿಲ್ಲ" ಅಂದರು. "ಆದರ ಕಲ್ಲ ಇಲ್ಲದ ಮುರೀತು ಅಂದವನ ಮಾತು ಸುಳ್ಳ ಅನ್ನಾಕ ಬರೂದಿಲ್ಲ."

ಒಂದೇ ಬಿಳುಪು. ಕುಳದ ಅಂಚಿನಲ್ಲಿದ್ದರೆ ಗುಣ, ನೇಗಿಲಿನ ಮೈಯಲ್ಲಿದ್ದರೆ ದೋಷ. ಇದನ್ನ ತಡೆಯೋಕೆ ಎರಕದವರಿಗೆ ಒಂದು ಸರಳ ಪರೀಕ್ಷೆ ಇದೆ. ಸುರಿಯುವ ಮುಂಚೆ ಒಂದು ಸಣ್ಣ ಬೆಣೆ ಎರೆದು, ತಣಿಸಿ, ಮುರಿದು ನೋಡ್ತಾರೆ. ಬೆಣೆಯ ತೆಳು ತುದಿಯಲ್ಲಿ ಬಿಳುಪು ಎಷ್ಟು ದೂರ ಹೋಗಿದೆ ಅಂತ ಅಳೆದು ಮಾಲು ಸರಿಪಡಿಸ್ತಾರೆ. ನಮ್ಮ ನೇಗಿಲು ಎರೆದವರು ಅದನ್ನ ಮಾಡಿದ್ದರೋ ಇಲ್ಲವೋ, ಮುರಿದಾಗ ಬೆರಳು ತೋರಿಸಿದ್ದು ಮಾತ್ರ ಮೇಳಿ ಹಿಡಿದವನ ಕಡೆಗೆ.

ಇನ್ನೊಂದು ವಿಷಯ. ಅಮೆರಿಕದಲ್ಲಿ 1943ರಲ್ಲಿ, ಯುದ್ಧದಿಂದ ಕ್ರೋಮಿಯಂ ಅಭಾವವಾದಾಗ, ಕೀತ್ ಮಿಲ್ಲಿಸ್ ಅನ್ನೋ ಯುವಕ ಬೀಡಿಗೆ ಬೇರೆ ಬೇರೆ ಲೋಹ ಸೇರಿಸಿ ನೋಡ್ತಿದ್ದ. ಚೂರು ಮೆಗ್ನೀಸಿಯಂ ಸೇರಿಸಿದಾಗ ಗ್ರಾಫೈಟ್ ಎಸಳಾಗಲ್ಲ, ಗುಂಡಗಾಗುತ್ತೆ ಅಂತ ಗೊತ್ತಾಯ್ತು. ಇಂಗ್ಲೆಂಡಿನಲ್ಲಿ ಮೊರೊ ಅನ್ನೋರು ಸೀರಿಯಂನಿಂದ ಅದೇ ಕಂಡರು. 1948ರಲ್ಲಿ ಜಗತ್ತಿಗೆ ತಿಳೀತು. ಗುಂಡು ಗ್ರಾಫೈಟ್ ಬಿರುಕಿನ ಹಾಗೆ ವರ್ತಿಸಲ್ಲ. ಹಾಗಾಗಿ ಆ ಬೀಡು ಮುರಿಯುವ ಮುಂಚೆ ಬಾಗುತ್ತೆ. ಬೆಳಗಾವಿಯವರು ಅದನ್ನ 'ಎಸ್‌ಜಿ' ಅಂತಾರೆ. ಬೇಕಾಗೋ ಮೆಗ್ನೀಸಿಯಂ ಎಷ್ಟು? ಹತ್ತು ಸಾವಿರಕ್ಕೆ ನಾಲ್ಕು ಭಾಗದಷ್ಟು ಉಳಿದರೆ ಸಾಕು. ನಮ್ಮ ನೇಗಿಲು ಮುರಿದದ್ದು ಇದು ಗೊತ್ತಾಗಿ 23 ವರ್ಷ ಆದ ಮೇಲೆ. ಆದ್ರೆ ಲ್ಯಾಬ್‌ನಿಂದ ಎರಿ ಹೊಲದವರೆಗೆ ದಾರಿ ದೂರ.

ಊರಿಗೆ ವಾಪಸ್ ಬಂದು ಅಪ್ಪನಿಗೆ ಬಿಳಿ ಮುಖ ತೋರಿಸಿದೆ. ಬಹಳ ಹೊತ್ತು ಕೈಯಲ್ಲಿ ಹಿಡಿದು, "ನಡಿ, ಹೋಗಿ ಬರೋಣು" ಅಂದ.

ಆ ಆಳು ತೀರಿಕೊಂಡು ವರ್ಷಗಳಾಗಿವೆ. ಮಗ ಬೇರೆ ಊರಲ್ಲಿ ಇದ್ದಾರೆ, ಅಪ್ಪನಿಗಿಂತ ಸ್ವಲ್ಪ ಚಿಕ್ಕವರು. ಕಟ್ಟೆ ಮೇಲೆ ಕೂರಿಸಿ ಚಹಾ ಕೊಟ್ಟರು. ಮೋಲ್ಡರ್ ಹೇಳಿದ್ದನ್ನೆಲ್ಲ ಹೇಳಿದೆ. ಅವರು ತುಂಡನ್ನ ಹಗ್ಗಕ್ಕೆ ಕಟ್ಟಿ ಎತ್ತಿ ಹಿಡಿದು, ಪಕ್ಕದಲ್ಲಿದ್ದ ಸುತ್ತಿಗೆಯಿಂದ ತಟ್ಟಿದರು. ನೀವು ಶುರುವಿನಲ್ಲಿ ಕೇಳಿದ ಎರಡನೇ ಸದ್ದು ಅದೇ, ಅಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿದ್ದು.

"ನಮ್ಮಪ್ಪ ಸಾಯೂತನಕ ಹೇಳತಿದ್ರಿ, ಕಲ್ಲ ಇರಲಿಲ್ಲಂತ" ಅಂದರು. "ನಾವೂ ಅರ್ಧ ನಂಬಿರಲಿಲ್ಲ."

ಜೋಳದ ಮಾತು ಅಪ್ಪನೇ ಎತ್ತಿದ. ಅವರು ಕೈ ಅಡ್ಡ ಆಡಿಸಿದರು. "ಜ್ವಾಳ ಬ್ಯಾಡ್ರಿ. ನಾಕ ಮಂದ್ಯಾಗ ಹೇಳ್ರಿ, ಅಷ್ಟ ಸಾಕು."

ಬಿಳಿ ತುಂಡು ಅವರ ಮನೆಯಲ್ಲೇ ಇದೆ. ದಪ್ಪ ತುಂಡು ಮಮದಾಪುರದಲ್ಲಿ, ನಮ್ಮ ಮನೆಯಲ್ಲಿದೆ.

ನಾಲ್ಕು ಮಂದಿಯಲ್ಲಿ ಹೇಳಿ ಅಂದಿದ್ದರಲ್ಲ, ಅದಕ್ಕೇ ಈ ಸಂಚಿಕೆ. ಅವತ್ತು ಹೊಲದಲ್ಲಿ ಕಲ್ಲು ಇರಲಿಲ್ಲ.